ಕಾಳಿಗಿಂತ ಕಾಗದ ಭಾರ: ಸಿಲೋನ್ ದಾರಿಯಲ್ಲಿ ಬಂದ ಕಾಳುಮೆಣಸು

2018ರ ಫೆಬ್ರವರಿ. ಸಕಲೇಶಪುರದ ಕಡೆಯ ಒಂದು ಮೆಣಸಿನ ಮಂಡಿ. ದೊಡ್ಡಪ್ಪ ಹಿಂದಿನ ವರ್ಷದ ಕಾಳುಮೆಣಸು ಮಾರಲು ಜೀಪಿನಲ್ಲಿ ಹನ್ನೆರಡು ಮೂಟೆ ತಂದಿದ್ದರು. ಜೊತೆಗೆ ನಾನೂ ಇದ್ದೆ. ಸಾಹುಕಾರರು ಒಂದು ಮೂಟೆಗೆ ಕೈಹಾಕಿ ತಳದಿಂದ ಕಾಳು ತೆಗೆದರು. ಲೀಟರ್ ಪಾತ್ರೆಗೆ ಸುರಿದು, ಮೇಲೆ ಉಬ್ಬಿದ್ದನ್ನು ಕಡ್ಡಿಯಿಂದ ಸವರಿ ತಕ್ಕಡಿಗೆ ಇಟ್ಟರು. ಲೀಟರಿಗೆ 560 ಗ್ರಾಂ. ತೇವಾಂಶ ಶೇ 11. ಮುಖದಲ್ಲಿ ಮೆಚ್ಚುಗೆ ಕಂಡಿತು, ಬಾಯಲ್ಲಿ ಬರಲಿಲ್ಲ.

‘ಕೊಚ್ಚಿ ರೇಟು ಬಿದ್ದಿದೆ ಗೌಡ್ರೆ. ಮುನ್ನೂರ ತೊಂಬತ್ತಕ್ಕಿಂತ ಮೇಲೆ ಆಗಲ್ಲ.’

‘ಒಂದೂವರೆ ವರ್ಷದ ಹಿಂದೆ ಇದೇ ತಕ್ಕಡೀಲಿ ಆರುನೂರ ಎಂಬತ್ತು ಕೊಟ್ಟಿದ್ರಲ್ಲ ಸಾಹುಕಾರ್ರೆ?’

‘ಆಗ ವಿಯೆಟ್ನಾಂ ಮಾಲು ಈ ಪಾಟಿ ಬಂದಿರಲಿಲ್ಲ.’

‘ಸರ್ಕಾರ ಐನೂರು ಅಂತ ಫಿಕ್ಸ್ ಮಾಡಿದೆ ಅಂತ ಪೇಪರಲ್ಲಿ ಬಂತಲ್ಲ?’

ಸಾಹುಕಾರರು ನಕ್ಕರು. ‘ಅದು ಹೊರಗಿಂದ ಬರೋ ಮೆಣಸಿಗೆ ಗೌಡ್ರೆ. ನಿಮ್ಮ ಮೆಣಸಿಗಲ್ಲ.’

ದೊಡ್ಡಪ್ಪ ಮೂಟೆಗಳನ್ನು ತಿರುಗಿ ಜೀಪಿಗೆ ಹಾಕಿಸಿದರು. ನಾನು ಆ ದಿನಗಳಲ್ಲಿ ಮಂಗಳೂರಿನ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಕಚೇರಿಯಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರದ ಫಾರಂ, ತುಂಬಿಸುತ್ತಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಅವರದ್ದು ಒಂದೇ ಪ್ರಶ್ನೆ: ವಿಯೆಟ್ನಾಂನಿಂದ ಬರುವ ಮೆಣಸಿಗೆ ಅಷ್ಟೊಂದು ಸುಂಕ ಇದೆ ಅನ್ನುತ್ತೀಯ, ಮತ್ತೆ ಅದು ಹೇಗೆ ಬಂತು? ಅರ್ಧ ಉತ್ತರ ನನಗೆ ಗೊತ್ತಿತ್ತು. ಉಳಿದರ್ಧ ತಿಳಿಯಲು ನಾಲ್ಕೈದು ವರ್ಷ ಹಿಡಿಯಿತು. ಒಂದು ದೇಶದ ಸರಕು ಇನ್ನೊಂದು ದೇಶಕ್ಕೆ ಯಾವ ದಾರಿಯಲ್ಲಿ, ಯಾಕೆ ಹರಿಯುತ್ತದೆ ಅನ್ನುವುದಕ್ಕೆ ಈ ಮೆಣಸಿನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಯಾರು ಅಗ್ಗಕ್ಕೆ ಬೆಳೆಯುತ್ತಾರೆ

ಮೊದಲು ತೋಟದಿಂದಲೇ ಶುರು ಮಾಡೋಣ. ನಮ್ಮಲ್ಲಿ ಮೆಣಸು ಕಾಫಿಯ ನೆಂಟ. ಸಿಲ್ವರ್ ಓಕಿಗೋ ಹಾಲುವಾಣಕ್ಕೋ ಹಬ್ಬಿಸಿದ ಬಳ್ಳಿ, ಮೂವತ್ತು ಅಡಿ ಎತ್ತರ, ಒಂಟಿ ಏಣಿ ಒರಗಿಸಿ ಹತ್ತುವ ಆಳು. ಆ ಆಳು ಸಿಗುವುದೇ ಕಷ್ಟ. ಸಿಕ್ಕರೆ ಅವನು ಹೇಳಿದ್ದೇ ಕೂಲಿ. ಕೊಡಗು, ಹಾಸನ, ಚಿಕ್ಕಮಗಳೂರು ಸೇರಿ ಕರ್ನಾಟಕ ಈಗ ಕೇರಳವನ್ನೂ ಹಿಂದೆ ಹಾಕಿ ದೇಶದಲ್ಲೇ ಹೆಚ್ಚು ಮೆಣಸು ಬೆಳೆಯುವ ರಾಜ್ಯ. ಆದರೂ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಅರ್ಧ ಟನ್ನಿನ ಆಸುಪಾಸಿನಲ್ಲೇ ತೆವಳುತ್ತಿದೆ.

ವಿಯೆಟ್ನಾಂನ ಮಧ್ಯ ಎತ್ತರದ ಸೀಮೆ, ಅಂದರೆ ಡಾಕ್ ಲಾಕ್, ಗಿಯಾ ಲಾಯ್ ಕಡೆ ಮೆಣಸು ಯಾರ ನೆಂಟನೂ ಅಲ್ಲ, ಅದೇ ಮನೆಯ ಯಜಮಾನ. ಸಾಲು ಸಾಲಾಗಿ ಕಂಬ ನೆಟ್ಟು, ನೀರು ಗೊಬ್ಬರ ಸುರಿದು ಬೆಳೆಸಿದ ತೋಟಗಳು. ಹೆಕ್ಟೇರಿಗೆ ಎರಡು ಟನ್ ದಾಟುತ್ತದೆ. 1986ರ ಆರ್ಥಿಕ ಸುಧಾರಣೆಯ ನಂತರ ರೈತರ ಕೈಗೆ ಜಮೀನು, ಮಾರುವ ಸ್ವಾತಂತ್ರ್ಯ ಎರಡೂ ಬಂದವು. ಒಂದು ಪೀಳಿಗೆ ಕಳೆಯುವಷ್ಟರಲ್ಲಿ ಆ ದೇಶ ಜಗತ್ತಿನ ಮೆಣಸಿನ ಮಾರುಕಟ್ಟೆಯ ಮೊದಲ ಪೀಠದಲ್ಲಿ ಕೂತಿತ್ತು. ಇನ್ನೊಂದು ವ್ಯತ್ಯಾಸ ಇಲ್ಲಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ: ವಿಯೆಟ್ನಾಮೀಯರು ತಾವು ಬೆಳೆದ ಮೆಣಸನ್ನು ತಿನ್ನುವುದು ತೀರಾ ಕಡಿಮೆ. ವರ್ಷಕ್ಕೆ ಎರಡು ಲಕ್ಷ ಟನ್ನಿನ ಲೆಕ್ಕದಲ್ಲಿ ಬೆಳೆದದ್ದೆಲ್ಲ ಹಡಗು ಹತ್ತಲೇಬೇಕು. ನಾವಾದರೋ ಬೆಳೆಯುವ ಅರವತ್ತು ಸಾವಿರ ಟನ್ ಆಚೀಚೆಯ ಬಹುಪಾಲನ್ನು ಸಾರು, ಪೊಂಗಲ್, ಗರಂ ಮಸಾಲೆ, ಕಷಾಯದಲ್ಲೇ ಮುಗಿಸುತ್ತೇವೆ.

ಹೀಗಾಗಿ ಭಾರತದ ಮೆಣಸಿನ ಬೆಲೆ ಜಗತ್ತಿನ ಬೆಲೆಯಿಂದ ಬೇರೆಯೇ ನಡೆಯಿತು. ಒಳಗೆ ಬೇಡಿಕೆ ಇದೆ, ಹೊರಗೆ ಸುಂಕದ ಗೋಡೆ ಇದೆ, ನಡುವೆ ಬೆಲೆ ಬೆಚ್ಚಗೆ ಕೂತಿದೆ. 2015ರವರೆಗೆ ಇದು ಯಾರಿಗೂ ಅಷ್ಟು ಚುಚ್ಚಲಿಲ್ಲ; ವಿಯೆಟ್ನಾಂ ಮೆಣಸೇ ಕೆಜಿಗೆ 9 ಡಾಲರ್ ಮುಟ್ಟಿತ್ತು. ಆ ಬೆಲೆ ನೋಡಿ ಅಲ್ಲಿನ ರೈತರು ಸಿಕ್ಕಸಿಕ್ಕಲ್ಲಿ ಬಳ್ಳಿ ನೆಟ್ಟರು. ಮೂರು ವರ್ಷಕ್ಕೆ ಬಳ್ಳಿ ಫಸಲು ಕೊಟ್ಟಿತು, ಬೆಲೆ ನೆಲಕ್ಕೆ ಬಿತ್ತು. 2018ರ ಹೊತ್ತಿಗೆ 3 ಡಾಲರ್, 2020ರಲ್ಲಿ ಹತ್ತಿರ ಹತ್ತಿರ 2. ನಮ್ಮ ಬೆಲೆಗೂ ಅವರ ಬೆಲೆಗೂ ನಡುವೆ ದೊಡ್ಡ ಕಂದಕ ತೆರೆದುಕೊಂಡಿತು. ಕಂದಕ ಬಿದ್ದಲ್ಲಿ ನೀರು ನುಗ್ಗದೇ ಇರುವುದಿಲ್ಲ.

ಒಂದೇ ಕಾಳು, ನಾಲ್ಕು ಸುಂಕ

ಕಸ್ಟಮ್ಸ್ ಪುಸ್ತಕದಲ್ಲಿ ಕಾಳುಮೆಣಸಿನ ಮನೆ ಸಂಖ್ಯೆ 0904. ಆ ಮನೆಯ ಬಾಗಿಲು ಮಾತ್ರ ಒಂದಲ್ಲ. ಯಾವ ದೇಶದಿಂದ ಬಂತು, ಆ ದೇಶದೊಂದಿಗೆ ನಾವು ಯಾವ ಒಪ್ಪಂದ ಮಾಡಿಕೊಂಡಿದ್ದೇವೆ ಅನ್ನುವುದರ ಮೇಲೆ ಬಾಗಿಲು ಬದಲಾಗುತ್ತದೆ.

ಒಪ್ಪಂದವೇ ಇಲ್ಲದ ದೇಶಕ್ಕೆ ಶೇ 70. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬಂತು; ಅದರಲ್ಲಿ ಮೆಣಸನ್ನು ‘ವಿಶೇಷ ಉತ್ಪನ್ನ’ ಎಂದು ಹಿಡಿದು, ಸುಂಕವನ್ನು ಹತ್ತು ವರ್ಷದಲ್ಲಿ ಹಂತಹಂತವಾಗಿ 70ರಿಂದ 50ಕ್ಕೆ ಇಳಿಸುವ ಮಾತಾಯಿತು. ವಿಯೆಟ್ನಾಂಗೆ ಅನ್ವಯಿಸುವುದು ಇದು. ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದಡಿ ಶ್ರೀಲಂಕಾದ ಮೆಣಸಿಗೆ ಶೇ 8. ಇವೆಲ್ಲಕ್ಕಿಂತ ಹಳೆಯದು 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚ್ 1ರಿಂದ ನಡೆಯುತ್ತಿರುವ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸಿನ ಕೋಟಾಕ್ಕೆ ಸುಂಕವೇ ಇಲ್ಲ.

ಇದನ್ನು ರೂಪಾಯಿಗೆ ಇಳಿಸಿ ನೋಡಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. 2017ರ ಕೊನೆಯ ಹೊತ್ತಿನ ಬೆಲೆಗೆ ಹತ್ತಿರವಾಗಿ, ವಿಯೆಟ್ನಾಂ ಮೆಣಸು ನಮ್ಮ ಬಂದರಿಗೆ ಕೆಜಿಗೆ 250 ರೂಪಾಯಿಗೆ ಬಂದು ನಿಂತಿತು ಎಂದು ಇಟ್ಟುಕೊಳ್ಳಿ. ಜಿಎಸ್‌ಟಿ, ಬಂದರು ಖರ್ಚು ಬದಿಗಿರಲಿ. ಮೊದಲ ಬಾಗಿಲಲ್ಲಿ ಅದು 425 ಆಗುತ್ತದೆ, ಎರಡನೆಯದರಲ್ಲಿ ಸುಮಾರು 375. ಅದೇ ಮೆಣಸು ಶ್ರೀಲಂಕಾದ್ದು ಎಂದು ಹೇಳಿಕೊಂಡು ಬಂದರೆ ಸಾಫ್ಟಾ ಬಾಗಿಲಲ್ಲಿ 270. ಕೋಟಾದ ಬಾಗಿಲಲ್ಲಿ 250ಕ್ಕೆ 250. ಅದೇ ದಿನಗಳಲ್ಲಿ ಇಲ್ಲಿನ ಮಾರುಕಟ್ಟೆ ಬೆಲೆ 420ರ ಹತ್ತಿರ.

ಮೊದಲ ಬಾಗಿಲಲ್ಲಿ ಬಂದವನಿಗೆ ನಷ್ಟ. ಎರಡನೆಯದರಲ್ಲಿ ನೆಟ್ಟಗೆ ಸುಂಕ ಕಟ್ಟಿ ಬಂದವನಿಗೆ ಖರ್ಚು ಕಳೆದು ಚೂರುಪಾರು ಉಳಿಯುತ್ತದೆ. ಹಾಗೆ ಬಂದ ಮೆಣಸೂ ಇತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೂರನೆಯ ಬಾಗಿಲು? ಎರಡನೆಯದಕ್ಕೂ ಮೂರನೆಯದಕ್ಕೂ ಕೆಜಿಗೆ 105 ರೂಪಾಯಿ ಅಂತರ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ 13 ಟನ್ ಮೆಣಸು ಹಿಡಿಯುತ್ತದೆ ಎಂದರೆ ಒಂದು ಕಂಟೇನರಿಗೆ 13 ಲಕ್ಷ 65 ಸಾವಿರ ರೂಪಾಯಿ. ಇದು ಒಂದು ಹಾಳೆ ಕಾಗದದ ಬೆಲೆ.

ಆ ಕಾಗದದ ಹೆಸರು ಮೂಲ ಪ್ರಮಾಣಪತ್ರ. ಕಳಿಸುವ ದೇಶದ ಸರ್ಕಾರಿ ಇಲಾಖೆ ಕೊಡುವಂಥದ್ದು. ನೋಡಲು ನಮ್ಮ ಪಹಣಿಯಷ್ಟೇ ನೀರಸ: ಕಳಿಸುವವನ ಹೆಸರು, ತರಿಸುವವನ ಹೆಸರು, ಹಡಗು, ತೂಕ, ಇನ್‌ವಾಯ್ಸ್ ನಂಬರು, ಒಂದು ಮೊಹರು, ಒಂದು ಸಹಿ. ನಡುವೆ ಒಂದು ಸಣ್ಣ ಚೌಕ. ಅದರಲ್ಲಿ ‘ಈ ಸರಕು ಪೂರ್ತಿ ನಮ್ಮ ನೆಲದಲ್ಲೇ ಬೆಳೆದದ್ದು’ ಎಂದು ಸೂಚಿಸುವ ಒಂದೇ ಒಂದು ಅಕ್ಷರ. ಯಂತ್ರವೋ ಬಟ್ಟೆಯೋ ಆದರೆ ಕಚ್ಚಾಮಾಲು ಹೊರಗಿನಿಂದ ತಂದು, ಇಷ್ಟು ಪಾಲು ಮೌಲ್ಯ ಸೇರಿಸಿದರೆ ಅದು ತಮ್ಮ ದೇಶದ್ದೇ ಆಗುತ್ತದೆ ಎಂಬ ಅವಕಾಶ ಒಪ್ಪಂದದಲ್ಲಿದೆ. ಮೆಣಸಿಗೆ ಆ ದಾರಿ ಇಲ್ಲ. ಎಷ್ಟು ಕೇರಿ, ತೊಳೆದು, ಒಣಗಿಸಿ, ಬೇರೆ ಚೀಲಕ್ಕೆ ತುಂಬಿದರೂ 0904 ಹೊಕ್ಕಿದ್ದು 0904 ಆಗಿಯೇ ಹೊರಬರುತ್ತದೆ. ಅಲ್ಲಿ ಬೆಳೆದಿದ್ದರೆ ಅಲ್ಲಿಯದು, ಇಲ್ಲದಿದ್ದರೆ ಅಲ್ಲ.

ತೊಂದರೆ ಏನೆಂದರೆ ಕಾಳು ಬಾಯಿ ಬಿಡುವುದಿಲ್ಲ. ಮಂಡಿಯಲ್ಲಿ ಕೂತ ಮೂವತ್ತು ವರ್ಷದ ಅನುಭವಿ ಲೀಟರ್ ತೂಕ, ಬಣ್ಣ, ಕಡಿದಾಗಿನ ಖಾರ ನೋಡಿ ‘ಇದು ನಮ್ಮದಲ್ಲ’ ಎಂದು ಗೊಣಗಬಹುದು. ಕಸ್ಟಮ್ಸ್ ಅಧಿಕಾರಿಗೆ ಗೊಣಗಾಟ ಸಾಕ್ಷಿಯಲ್ಲ. ಮೂಟೆಯ ಮೂಲ ಹೇಳುವುದು ಮೂಟೆಯಲ್ಲ, ಅದರ ಜೊತೆ ಬಂದ ಕಾಗದ. ಕೆಲವು ವರ್ಷ ಆ ಮೇಜಿನ ಮುಂದೆ ಕೂತು ಫಾರಂ ತುಂಬಿಸಿದ ನನಗೆ ವ್ಯಾಪಾರದ ಬಗ್ಗೆ ಗಟ್ಟಿಯಾಗಿ ತಿಳಿದದ್ದು ಇದೊಂದೇ.

ಇದೇನೂ ಹೊಸ ಕಾಲದ ಕಾಯಿಲೆಯೂ ಅಲ್ಲ. ಹದಿನಾರನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರು ‘ಕರ್ತಾಜ್’ ಎಂಬ ಪರವಾನಗಿ ಚೀಟಿ ಹಂಚುತ್ತಿದ್ದರು. ಅದಿಲ್ಲದ ಹಡಗು ಕಂಡರೆ ಸರಕಿನ ಸಮೇತ ಜಪ್ತಿ. ಮೆಣಸಿನ ವ್ಯಾಪಾರವಂತೂ ತಮ್ಮ ರಾಜನ ಸ್ವತ್ತು ಅನ್ನುವುದು ಅವರ ವಾದ. ಅವರಿಂದಲೇ ‘ಮೆಣಸಿನ ರಾಣಿ’ ಅನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರೇವುಗಳಿಂದ ಹೊರಟ ಮೆಣಸಿಗೂ ಕಡಲ ಮೇಲೆ ಆ ಚೀಟಿಯ ಕಾಟ ತಪ್ಪಿದ್ದಲ್ಲ.

ಕೊಲಂಬೊ ಯಾಕೆ

ದೇಶಗಳ ನಡುವಿನ ವ್ಯಾಪಾರವನ್ನು ಓದುವವರು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್ 1962ರಲ್ಲಿ ಮುಂದಿಟ್ಟ ಸೂತ್ರದಿಂದ ಶುರು ಮಾಡುತ್ತಾರೆ. ಎರಡು ದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ಅವುಗಳ ನಡುವೆ ವ್ಯಾಪಾರ ಹೆಚ್ಚು. ದೂರ ಹೆಚ್ಚಿದಷ್ಟೂ ಕಡಿಮೆ. ನ್ಯೂಟನ್ನನ ಗುರುತ್ವಾಕರ್ಷಣೆಯನ್ನು ಸಂತೆಗೆ ತಂದ ಹಾಗೆ. ಈ ಸೂತ್ರದ ಪ್ರಕಾರ ಶ್ರೀಲಂಕಾ ಭಾರತಕ್ಕೆ ಮೆಣಸು ಮಾರುವುದು ಸಹಜವೇ. ಕೊಲಂಬೊದಿಂದ ತೂತ್ತುಕುಡಿಗೆ ಹಡಗಿಗೆ ಒಂದು ರಾತ್ರಿಯ ದಾರಿ. ಅಲ್ಲಿನ ಮೆಣಸಿನಲ್ಲಿ ಖಾರದ ಅಂಶ ಪೈಪರಿನ್ ಹೆಚ್ಚು, ಅದಕ್ಕಾಗಿ ಕಾದು ಕೂತ ಕಾರ್ಖಾನೆಗಳು ಕೊಚ್ಚಿಯ ಸುತ್ತಮುತ್ತ ಇವೆ. ಒಪ್ಪಂದ ಇಲ್ಲದಿದ್ದರೂ ಒಂದಿಷ್ಟು ಮೆಣಸು ಬರುತ್ತಲೇ ಇತ್ತು.

ಆದರೆ ಸೂತ್ರ ದೂರವನ್ನು ಮೈಲಿಯಲ್ಲಿ ಅಳೆಯುತ್ತದೆ. ವ್ಯಾಪಾರಿ ರೂಪಾಯಿಯಲ್ಲಿ ಅಳೆಯುತ್ತಾನೆ. ಕೊಲಂಬೊ ಈ ಭಾಗದ ದೊಡ್ಡ ಹಡಗು ಬದಲಾಯಿಸುವ ಬಂದರು. ಭಾರತಕ್ಕೆ ಬರುವ, ಇಲ್ಲಿಂದ ಹೋಗುವ ಲೆಕ್ಕವಿಲ್ಲದಷ್ಟು ಕಂಟೇನರುಗಳು ಅಲ್ಲಿ ಇಳಿದು ಇನ್ನೊಂದು ಹಡಗು ಹತ್ತುತ್ತವೆ. ವಿಯೆಟ್ನಾಂ ಮೆಣಸು ಅಲ್ಲಿ ಇಳಿದು, ಚೀಲ ಬದಲಿಸಿ, ಮತ್ತೆ ಹತ್ತಿದರೆ ತಗಲುವ ಹೆಚ್ಚುವರಿ ಖರ್ಚು ಕೆಜಿಗೆ ಕೆಲವೇ ರೂಪಾಯಿ. ಉಳಿಯುವ ಸುಂಕ ನೂರರ ಮೇಲೆ. ಹೋ ಚಿ ಮಿನ್ ನಗರದಿಂದ ಚೆನ್ನೈಗೆ ನೇರ ದಾರಿಗಿಂತ ಕೊಲಂಬೊ ಸುತ್ತಿ ಬರುವ ದಾರಿಯೇ ಹತ್ತಿರ ಅನ್ನಿಸುವುದು ಹೀಗೆ.

ಈ ಆಟವನ್ನು ಮೆಣಸು ಕಂಡುಹಿಡಿದದ್ದಲ್ಲ. ಇದೇ ಒಪ್ಪಂದದ ಮೊದಲ ವರ್ಷಗಳಲ್ಲಿ ಶ್ರೀಲಂಕಾ ಭಾರತಕ್ಕೆ ಏನನ್ನು ಅತಿ ಹೆಚ್ಚು ಮಾರಿತು ಗೊತ್ತೇ? ಚಹಾ ಅಲ್ಲ, ದಾಲ್ಚಿನ್ನಿ ಅಲ್ಲ. ವನಸ್ಪತಿ ಮತ್ತು ತಾಮ್ರ! ತಾಮ್ರದ ಗಣಿ ವ್ಯಾಪಾರವಾಗಲಿ, ಎಣ್ಣೆತಾಳೆಯ ದೊಡ್ಡ ತೋಟವಾಗಲಿ ಇಲ್ಲದ ದೇಶ. ತಾಳೆಎಣ್ಣೆಗೆ ಭಾರತದಲ್ಲಿ ಸುಂಕ ಜಾಸ್ತಿ, ಅಲ್ಲಿ ಕಡಿಮೆ. ಆ ಎಣ್ಣೆಯಿಂದ ವನಸ್ಪತಿ ಮಾಡಿ ಕಳಿಸಿದರೆ ಭಾರತಕ್ಕೆ ಸುಂಕವಿಲ್ಲ. ಇಷ್ಟು ಸಾಕಾಯಿತು. ಕಾರ್ಖಾನೆಗಳು ಎದ್ದವು, ಅವುಗಳಲ್ಲಿ ಹಣ ಹೂಡಿದವರಲ್ಲಿ ನಮ್ಮವರೇ ಬಹಳ. ಇಲ್ಲಿನ ವನಸ್ಪತಿ ಉದ್ಯಮ ಬೊಬ್ಬೆ ಹಾಕಿದ ಮೇಲೆ ವರ್ಷಕ್ಕೆ 2,50,000 ಟನ್ ಮಿತಿ ಬಂತು, ಸುಂಕದ ಅಂತರವೂ ಕರಗಿತು. ಅಂತರ ಕರಗುತ್ತಿದ್ದಂತೆ ಕಾರ್ಖಾನೆಗಳೂ ಬಾಗಿಲು ಹಾಕಿದವು. ಮೆಣಸಿನ 2,500 ಟನ್ ಕೋಟಾ ಕೂಡ ಅದೇ ಕಾಲದ ಕೂಸು.

ಅಂದರೆ ಸುಂಕ ಎಷ್ಟಿದೆ ಅನ್ನುವುದಕ್ಕಿಂತ ಅಕ್ಕಪಕ್ಕದ ಎರಡು ಬಾಗಿಲುಗಳ ನಡುವೆ ಎಷ್ಟು ಅಂತರವಿದೆ ಅನ್ನುವುದೇ ಸರಕಿನ ದಾರಿಯನ್ನು ತಿರುಗಿಸುತ್ತದೆ. ಗೋಡೆ ಎತ್ತರವಾದಷ್ಟೂ ಅದರಲ್ಲಿರುವ ಸಂದಿಗೆ ಬೆಲೆ ಹೆಚ್ಚು. ನಮ್ಮ ಬೆಳೆಗಾರರ ಸಂಘಗಳು ಪ್ರತಿಸಲ ದೆಹಲಿಗೆ ಹೋದಾಗಲೂ ಗೋಡೆ ಎತ್ತರಿಸಿ ಎಂದೇ ಕೇಳುತ್ತವೆ. ಅವರ ಸಂಕಟ ನನ್ನ ಮನೆಯದ್ದೇ, ಆದರೂ ಆ ಬೇಡಿಕೆಯಲ್ಲಿ ಅರ್ಧ ತಪ್ಪಿದೆ ಎಂದೇ ನನ್ನ ಅನಿಸಿಕೆ.

ಐನೂರರ ಹೊಸಿಲು

2017ರಲ್ಲಿ ಕೊಡಗಿನಲ್ಲಿ ಸಿಟ್ಟು ಬೀದಿಗೆ ಬಂತು. ಹೊರಗಿನ ಮೆಣಸು ಸ್ಥಳೀಯ ಮೆಣಸಿನ ಜೊತೆ ಬೆರೆತು ಮಾರಾಟವಾಗುತ್ತಿದೆ ಎಂದು ಗೋಣಿಕೊಪ್ಪದಲ್ಲಿ ಬೆಳೆಗಾರರು ಪ್ರತಿಭಟನೆ ಮಾಡಿದರು. ಕೇರಳದಲ್ಲೂ ಅದೇ ಕೂಗು. ಕೊನೆಗೆ 2017ರ ಡಿಸೆಂಬರ್ 6ರಂದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕನಿಷ್ಠ ಆಮದು ಬೆಲೆ ಹೊರಡಿಸಿತು: ಕೆಜಿಗೆ 500 ರೂಪಾಯಿ. ಸರಕಿನ ಬೆಲೆ, ವಿಮೆ, ಹಡಗು ಬಾಡಿಗೆ ಸೇರಿ ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ದೇಶದೊಳಗೆ ಬರಕೂಡದು. 2018ರ ಮಾರ್ಚಿನಲ್ಲಿ ಮಾತನ್ನು ಇನ್ನೂ ಬಿಗಿ ಮಾಡಿ, 500ರ ಕೆಳಗಿನ ಆಮದು ‘ನಿಷೇಧ’ ಎಂದೇ ಬರೆದರು.

ಯಾಕೆ ಈ ದಾರಿ ಹಿಡಿದರು ಅನ್ನುವುದು ಅರ್ಥವಾಗುವಂಥದ್ದೇ. ಶ್ರೀಲಂಕಾದ ಸುಂಕ ಏರಿಸಲು ಒಪ್ಪಂದ ಬಿಡುವುದಿಲ್ಲ. ಸುಂಕ ಮುಟ್ಟದೆ ಬೆಲೆಗೆ ಹೊಸಿಲು ಹಾಕಿದರೆ ಎಲ್ಲ ಬಾಗಿಲಿಗೂ ಒಟ್ಟಿಗೇ ಬೀಗ ಬಿದ್ದಂತೆ ಎಂಬ ಲೆಕ್ಕ. ಇಲ್ಲಿನ ಬೆಲೆ 400ರ ಸುತ್ತ ಇರುವಾಗ 500 ಕೊಟ್ಟು ಯಾರು ತರಿಸುತ್ತಾರೆ?

ಕಾಗದದ ಮೇಲೆ, ಯಾರೂ ಇಲ್ಲ. ಆದರೂ ಆಮದು ನಿಲ್ಲಲಿಲ್ಲ ಅನ್ನುವುದೇ ಬೆಳೆಗಾರರ ದೂರಾಗಿ ಉಳಿಯಿತು. ಈ ಕಡೆ ಬೆಲೆ ಏರುವ ಬದಲು 350ರವರೆಗೂ ಜಾರಿತು. ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ನೋಡಬೇಕು.

ಕಸ್ಟಮ್ಸ್ ಕಚೇರಿಯಲ್ಲಿ ನಾವು ಹೆದರುತ್ತಿದ್ದುದು ಬೆಲೆ ಕಡಿಮೆ ತೋರಿಸುವ ಗಿರಾಕಿಗೆ. ನೂರರ ಮಾಲಿಗೆ ಐವತ್ತು ಎಂದು ಬಿಲ್ ತಂದರೆ ಅರ್ಧ ಸುಂಕ ಉಳಿಯುತ್ತದಲ್ಲ. ಅಧಿಕಾರಿಗಳ ಕಣ್ಣೂ ಅದಕ್ಕೇ ಪಳಗಿದ್ದು. ಬೆಲೆ ಹೆಚ್ಚು ತೋರಿಸುವವನನ್ನು ಕಂಡರೆ ಪಾಪ, ಪ್ರಾಮಾಣಿಕ ಅನ್ನಿಸುತ್ತದೆ. ಆದರೆ ಸುಂಕವೇ ಶೂನ್ಯವಿದ್ದರೆ, ಇಲ್ಲವೇ ಬರೇ ಶೇ 8 ಇದ್ದರೆ, ಹೆಚ್ಚು ತೋರಿಸಲು ಖರ್ಚೇನು? 200 ರೂಪಾಯಿಯ ಮೆಣಸಿಗೆ 500 ಎಂದು ಇನ್‌ವಾಯ್ಸ್ ಬರೆಸಿದರೆ ಶೇ 8ರಂತೆ 40 ರೂಪಾಯಿ. ಕೈಗೆ ಬಿದ್ದ ಬೆಲೆ 240. ಮಾರುಕಟ್ಟೆಯಲ್ಲಿ 370. ಹೊಸಿಲು ದಾಟಿ ಒಳಗೆ ಬಂದಾಯಿತು, ಅದೂ ಕಾನೂನಿನ ಬಾಗಿಲಲ್ಲೇ. ವಿಯೆಟ್ನಾಂನಿಂದ ನೇರ ತರಿಸುವವನು ಇದನ್ನು ಮಾಡಲಾರ. 500ರ ಮೇಲೆ ಶೇ 50 ಬಿದ್ದು ಅವನದ್ದು 450ಕ್ಕೆ ಹತ್ತುತ್ತದೆ. ಸಂದಿಯಲ್ಲಿ ಬಂದವನಿಗಷ್ಟೇ ಈ ಸೌಲಭ್ಯ.

ಉಳಿಯುವ ಪ್ರಶ್ನೆ, ಬ್ಯಾಂಕಿನ ಮೂಲಕ ಹೆಚ್ಚಿಗೆ ಕಳಿಸಿದ 300 ರೂಪಾಯಿ. ಒಂದು ಕಂಟೇನರಿಗೆ 39 ಲಕ್ಷ. ಅದು ಹವಾಲಾ ಮೂಲಕ ವಾಪಸ್ ಬರುತ್ತದೆ ಅನ್ನುವುದು ಬೆಳೆಗಾರರ ಸಂಘಟನೆಗಳ ನೇರ ಆರೋಪವಾಗಿತ್ತು. ಎಲ್ಲ ಆಮದುದಾರರೂ ಹಾಗೆ ಎಂದು ನಾನು ಹೇಳಲಾರೆ. ಕಾಳುಮೆಣಸಿನ ಕಳ್ಳ ಆಮದಿನ ಪ್ರಕರಣಗಳನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿದದ್ದಂತೂ ಉಂಟು. ಲೆಕ್ಕ ಹಾಕಲು ಬರುವ ಯಾರಿಗಾದರೂ ಆಸೆ ಹುಟ್ಟಿಸುವಂತೆ ನಿಯಮವೇ ಕಟ್ಟಲ್ಪಟ್ಟಿತ್ತು ಅನ್ನುವುದು ನನ್ನ ತಕರಾರು. ಬೆಲೆಯ ಹೊಸಿಲು ಸುಂಕದ ಜೊತೆ ಸೇರಿದರೆ ಗೋಡೆ. ಸುಂಕವಿಲ್ಲದ ಕಡೆ ಹಾಕಿದರೆ ಅದು ಬರೇ ಬರೆಯಬೇಕಾದ ಒಂದು ಸಂಖ್ಯೆ.

ಕೊಚ್ಚಿಯ ಹೊಟ್ಟೆ, ಕ್ಯಾಂಡಿಯ ಹೊಟ್ಟೆ

ಬೆಳೆಗಾರ ಒಂದು ಕಡೆ, ಆಮದುದಾರ ಇನ್ನೊಂದು ಕಡೆ ಅಂದುಕೊಂಡರೆ ಮೋಸ ಹೋಗುತ್ತೇವೆ. ಕೊಚ್ಚಿ ಸುತ್ತಿನ ಸಾರ ತೆಗೆಯುವ ಉದ್ಯಮ ಮೆಣಸನ್ನು ಕಾಳಾಗಿ ಮಾರುವುದಿಲ್ಲ. ಅದರಿಂದ ಓಲಿಯೋರೆಸಿನ್ ಎಂಬ ಸಾರ ಹಿಂಡಿ ಯುರೋಪ್, ಅಮೆರಿಕದ ಆಹಾರ ಕಂಪನಿಗಳಿಗೆ ಕಳಿಸುತ್ತದೆ. ಅವರಿಗೆ ನಮ್ಮ 560 ಗ್ರಾಂ ಲೀಟರ್ ತೂಕದ ದಪ್ಪ ಕಾಳು ಬೇಕಿಲ್ಲ. ಬಲಿಯುವ ಮೊದಲೇ ಕುಯ್ದ ಹಗುರ ಕಾಳಿನಲ್ಲೇ ಸಾರ ಹೆಚ್ಚು, ಅದು ಶ್ರೀಲಂಕಾದಲ್ಲಿ ಸಿಗುತ್ತದೆ. 500ರ ಹೊಸಿಲು ಅವರ ಕುತ್ತಿಗೆಗೂ ಬಂತು. ಜಗತ್ತಿನ ಬೆಲೆ 200 ಇರುವಾಗ 500ಕ್ಕೆ ಕೊಂಡು ಯಾರ ಜೊತೆ ಪೈಪೋಟಿ ಮಾಡುವುದು? 2018ರಲ್ಲೇ ರಫ್ತಿಗೆಂದು ತರಿಸುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯಗಳಿಗೆ ಹೊಸಿಲಿನಿಂದ ವಿನಾಯಿತಿ ಕೊಟ್ಟರು. ನ್ಯಾಯವಾದದ್ದೇ. ಆದರೆ ರಫ್ತಿಗೆಂದು ಬಂದ ಮೂಟೆ ಒಳ ಮಾರುಕಟ್ಟೆಗೆ ಜಾರದಂತೆ ಕಾಯುವ ಇನ್ನೊಂದು ಕೆಲಸ ಸರ್ಕಾರದ ತಲೆಗೆ ಬಿತ್ತು.

ಪಾಕ್ ಜಲಸಂಧಿಯ ಆಚೆ ಇನ್ನೂ ಸ್ವಾರಸ್ಯ. ಕ್ಯಾಂಡಿ, ಮಾತಳೆ ಕಡೆಯ ಮೆಣಸಿನ ರೈತರೂ ಇದೇ ಹೊತ್ತಿಗೆ ವಿಯೆಟ್ನಾಂ ಮೆಣಸಿನ ಹೆಸರೆತ್ತಿ ಹಲ್ಲು ಕಡಿಯುತ್ತಿದ್ದರು. ಅವರ ಸರಕಿಗೆ ಭಾರತವೇ ದೊಡ್ಡ ಗಿರಾಕಿ. ಕೊಲಂಬೊದಲ್ಲಿ ಚೀಲ ಬದಲಿಸಿದ ವಿದೇಶಿ ಮೆಣಸು ಆ ಗಿರಾಕಿಯನ್ನು ಕಸಿಯಿತು, ಕೋಟಾ ತಿಂದಿತು, ‘ಸಿಲೋನ್ ಮೆಣಸು’ ಎಂಬ ಹೆಸರನ್ನೂ ಕೆಡಿಸಿತು. 2019ರ ಕೊನೆಗೆ ಅಧಿಕಾರಕ್ಕೆ ಬಂದ ಗೋಟಬಯ ರಾಜಪಕ್ಸ ಸರ್ಕಾರ ಮೊದಲ ವಾರಗಳಲ್ಲೇ ಮರುರಫ್ತಿಗಾಗಿ ಮೆಣಸು, ಅಡಿಕೆ, ಹುಣಸೆ ಮೊದಲಾದವನ್ನು ತರಿಸುವುದನ್ನು ನಿಲ್ಲಿಸಿತು. ಭಾರತದ ಬೆಳೆಗಾರನಿಗೆ ಭಾರತದ ಅಧಿಸೂಚನೆಗಿಂತ ಹೆಚ್ಚು ಉಪಕಾರ ಮಾಡಿದ್ದು ಕೊಲಂಬೊದ ಆ ನಿರ್ಧಾರವೇ ಇರಬೇಕು ಎಂದು ನಾನು ದೊಡ್ಡಪ್ಪನಿಗೆ ಹೇಳಿದ್ದೆ. ಅವರು ನಂಬಲಿಲ್ಲ.

ಮರುವರ್ಷ ನಮ್ಮ ಕಡೆಯೂ ಸರಿಯಾದ ಜಾಗಕ್ಕೆ ಕೈಹಾಕಿದರು. 2020ರ ಸೆಪ್ಟೆಂಬರ್ 21ರಿಂದ ಬಂದ ಹೊಸ ಕಸ್ಟಮ್ಸ್ ನಿಯಮಗಳ ಪ್ರಕಾರ ಮೂಲ ಪ್ರಮಾಣಪತ್ರ ತಂದು ಮೇಜಿನ ಮೇಲಿಟ್ಟರೆ ಸಾಲದು. ಸರಕು ಆ ದೇಶದ್ದೇ ಹೌದೆಂಬುದಕ್ಕೆ ಬೇಕಾದ ಮಾಹಿತಿ ಆಮದುದಾರನ ಬಳಿಯೇ ಇರಬೇಕು, ಕೇಳಿದಾಗ ಕೊಡಬೇಕು, ಇಲ್ಲದಿದ್ದರೆ ರಿಯಾಯಿತಿ ಇಲ್ಲ. ಕ್ಲಿಯರಿಂಗ್ ಕಚೇರಿಗಳಲ್ಲಿ ಇದಕ್ಕೆ ಬಹಳ ಗೊಣಗಾಟ. ನಾನೂ ಗೊಣಗಿದವನೇ, ನಾಲ್ಕು ಪುಟದ ಕೆಲಸ ಹದಿನಾಲ್ಕು ಪುಟವಾಯಿತು. ಗೋಡೆ ಎತ್ತರಿಸುವುದಕ್ಕಿಂತ ಸಂದಿಯಲ್ಲಿ ಕಾವಲುಗಾರನನ್ನು ಕೂರಿಸುವುದು ಮೇಲು, ಅಷ್ಟೇ.

ಹೊಸಿಲು ಮುಳುಗಿದ್ದು

ಆಮೇಲೆ ಬಂದದ್ದನ್ನು ಯಾವ ಇಲಾಖೆಯೂ ಯೋಜಿಸಿರಲಿಲ್ಲ. 2022ರಲ್ಲಿ ಶ್ರೀಲಂಕಾ ದಿವಾಳಿಯಾಯಿತು. ಮಾರ್ಚಿನಲ್ಲಿ ಡಾಲರಿಗೆ 200ರಷ್ಟಿದ್ದ ಅವರ ರೂಪಾಯಿ ಎರಡೇ ತಿಂಗಳಲ್ಲಿ 360ಕ್ಕೆ ಕುಸಿಯಿತು. ಅಲ್ಲಿನ ರೈತನಿಗೆ ಅದೇ ಡಾಲರ್ ಬೆಲೆಗೆ ಕೈತುಂಬ ನೋಟು ಸಿಗುವಾಗ, ಸುಂಕ ಎಷ್ಟೇ ಇರಲಿ, ಮಾರುವ ಹುರುಪು ಹೆಚ್ಚುವುದು ಸಹಜ. ಕರೆನ್ಸಿ ಕುಸಿತ ಯಾರಿಗೂ ಹೇಳದೆ ಕೇಳದೆ ಕೊಡುವ ರಿಯಾಯಿತಿ.

ವಿಯೆಟ್ನಾಂನಲ್ಲಿ ಮಾತ್ರ ಚಕ್ರ ತಿರುಗಿತ್ತು. ಎರಡು ಡಾಲರಿಗೆ ಮೆಣಸು ಮಾರಿ ಸಾಕಾದ ರೈತರು ಕಂಬ ಕಿತ್ತು ದುರಿಯನ್ ಹಣ್ಣಿನ ಗಿಡ, ಕಾಫಿ ಹಾಕಿದರು. ನೀರು ಗೊಬ್ಬರ ಕುಡಿದು ಕೊಬ್ಬಿದ್ದ ಬಳ್ಳಿಗಳನ್ನು ಸೊರಗು ರೋಗ ಸಾಲುಸಾಲಾಗಿ ಕೆಡವಿತು. ಫಸಲು ಕುಗ್ಗಿತು, ಜಗತ್ತಿನ ಬೆಲೆ ಮೇಲೆದ್ದಿತು. ಇಲ್ಲಿಯೂ 2021ರ ಕೊನೆಗೆ ಬೆಲೆ 500 ಮುಟ್ಟಿತು, 2023ರ ಆಗಸ್ಟಿನಲ್ಲಿ 600 ದಾಟಿತು.

ಬೆಲೆ 600 ಇರುವ ಊರಿನಲ್ಲಿ 500ರ ಹೊಸಿಲು ಯಾರ ಕಾಲಿಗೂ ಎಡವುವುದಿಲ್ಲ. ಅಡಿಕೆಯವರು ಈ ವಿಷಯದಲ್ಲಿ ಚುರುಕು; ಅವರ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 251ರಿಂದ 351ಕ್ಕೆ ಏರಿಸಿಕೊಂಡರು. ಮೆಣಸಿನದು 2017ರಲ್ಲಿ ನೆಟ್ಟ ಮೈಲಿಗಲ್ಲಿನಂತೆ ಅಲ್ಲೇ ನಿಂತಿತು. ಬೆಲೆ ಚೆನ್ನಾಗಿರುವಾಗ ಅದರ ನೆನಪೂ ಯಾರಿಗೂ ಬರಲಿಲ್ಲ. ಬೆಲೆ ಮತ್ತೆ ಬಿದ್ದ ದಿನ ನೆನಪು ಬರುತ್ತದೆ.

ದೊಡ್ಡಪ್ಪ ಆ ಹನ್ನೆರಡು ಮೂಟೆಯನ್ನು ಅಟ್ಟದ ಮೇಲಿಟ್ಟಿದ್ದರು. ಮೆಣಸು ಕೆಡುವುದಿಲ್ಲ, ಬ್ಯಾಂಕಿನಲ್ಲಿಟ್ಟ ಹಾಗೆ ಅನ್ನುವುದು ಮಲೆನಾಡಿನ ಹಳೆಯ ನಂಬಿಕೆ. ವರ್ಷಕ್ಕೊಮ್ಮೆ ಕಣಕ್ಕೆ ಹರವಿ ಬಿಸಿಲು ತೋರಿಸಿ ಮತ್ತೆ ತುಂಬಿಸುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಅದೇ ಮಂಡಿಗೆ ಹೋದೆವು. ಸಾಹುಕಾರರ ಮಗ ಕೂತಿದ್ದ. ಅದೇ ಲೀಟರ್ ಪಾತ್ರೆ, ಅದೇ ಕಡ್ಡಿ. ಕೆಜಿಗೆ 600.

ಜೀಪಿನಲ್ಲಿ ಕೂತು ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಅವತ್ತೇ 390ಕ್ಕೆ ಮಾರಿ, ಶೇ 7ರ ಬಡ್ಡಿಗೆ ಡೆಪಾಸಿಟ್ ಇಟ್ಟಿದ್ದರೆ ಐದೂವರೆ ವರ್ಷಕ್ಕೆ 566 ಆಗುತ್ತಿತ್ತು. ಒಣಗಿ ಕಳೆದ ತೂಕ, ವರ್ಷ ವರ್ಷ ಹರವಿದ ಆಳಿನ ಕೂಲಿ ಸೇರಿಸಿದರೆ ಲಾಭ ಅಂತ ಉಳಿದದ್ದು ಹೆಚ್ಚುಕಡಿಮೆ ಏನೂ ಇಲ್ಲ.

‘ಹೌದೇನೊ,’ ಅಂದರು ದೊಡ್ಡಪ್ಪ, ನೋಟಿನ ಕಟ್ಟನ್ನು ಅಂಗಿಯ ಒಳಜೇಬಿಗೆ ಸೇರಿಸುತ್ತ. ‘ಆದ್ರೆ ಅವತ್ತು ವಿಯೆಟ್ನಾಂ ರೇಟಿಗೆ ಕೊಡ್ಲಿಲ್ವಲ್ಲ.’